ಮೇಲಿನ ಕಂಬಳಿ, ಕೆಳಗಿನ ಕಂಬಳಿ

ಚಳಿಯೆಂದೊಡನೆ ನಮ್ಮ ಮನಸ್ಸು ಉತ್ತರಕ್ಕೆ ಮುಖಮಾಡಿ ಹೊರಟು ಹಿಮಾಲಯವನ್ನು ಸೇರಿಬಿಡುತ್ತದೆ. ಕೇದಾರ, ಬದರಿ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಹೊದಿಕೆಯನ್ನು ಇನ್ನಷ್ಟು ಎಳೆದುಕೊಳ್ಳಬೇಕೆನಿಸುತ್ತದೆ. ನಂದಿಬೆಟ್ಟ, ಕಳವಾರದ ಬೆಟ್ಟ, ಅಂಬಾಜಿದುರ್ಗ, ರಹಮಾನ್‌ಗಡ ಎಂದರೆ ಹಾಗೇನೂ ಆಗುವುದಿಲ್ಲ. ಇವು ನಮ್ಮ ಹಿತ್ತಲಿನ ಬೆಟ್ಟಗಳು. ಬೇಸಗೆಯಲ್ಲಿ ತಂಪು ಕೊಡಲೆಂದು ದೇವರು ಇಟ್ಟವು ಎಂಬ ಸಲಿಗೆ ನಮಗೆ. ಈ ಸಲಿಗೆಯಿಂದಲೇ ವರ್ಷ ವರ್ಷವೂ ಧನುರ್ಮಾಸದಲ್ಲಿ ಒಂದಷ್ಟು ಮಂದಿ ತರುಣರು ಒಂದು ತೆಳುವಾದ ಅಂಗಿ, ಒಂದು ಜಮಖಾನೆ, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಬೆಟ್ಟದ ಮಗ್ಗುಲಲ್ಲೋ ತಪ್ಪಲಿನ ಡೇರೆಯಲ್ಲೋ ರಾತ್ರಿ ಕಳೆಯಲು ಬರುತ್ತಾರೆ. ಬಂದು, ಬೆಳಗಿನ ಜಾವ ಮೂರು ಗಂಟೆಗೆ, ಜೀವಮಾನದಲ್ಲಿ ಮೊದಲನೆಯ ಸಲ ಸೂರ್ಯನಾರಾಯಣನನ್ನು ನಿಜವಾದ ಭಕ್ತಿಯಿಂದ ನೆನೆಯುತ್ತಾರೆ.

ಲೆಕ್ಕ ಹಾಕಿ ನೋಡಿದರೆ ನಮ್ಮ ಸೀಮೆಯ ಚಳಿ ಅಷ್ಟು ದೊಡ್ಡದೇನೂ ಅಲ್ಲ. ಚಿಕ್ಕಬಳ್ಳಾಪುರದ ಪೇಟೆ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ನಂದಿಯ ನೆತ್ತಿ 1478 ಮೀಟರು. ನೂರು ಮೀಟರು ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚಾಗಿ ಇಳಿಯುತ್ತದೆಂಬುದು ಭೂಗೋಳದ ಪಾಠ. ಆ ಪ್ರಕಾರ ಪೇಟೆಗೂ ಬೆಟ್ಟಕ್ಕೂ ಇರುವ ಅಂತರ ಮೂರೂವರೆ ಡಿಗ್ರಿ ಮಾತ್ರ. ಪಕ್ಕದ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಮೆಯ ಉಷ್ಣತೆ, 1884ನೆಯ ಜನವರಿ 13ರಂದು, 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಹಾಗಾದರೆ ಹೆದರುವುದೇಕೆ ಎಂದು ಕೇಳಬಹುದು. ಮನುಷ್ಯನ ಮೈಯೊಳಗಿನ ಉಷ್ಣತೆ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರ ಎಣಿಕೆಯಲ್ಲಿ ಅಪಾಯ ಆರಂಭವಾದಂತೆ. ನಡುವೆ ಇರುವುದು ಎರಡೇ ಡಿಗ್ರಿ. ಒದ್ದೆ ಬಟ್ಟೆ ತೊಟ್ಟು, ಹತ್ತು ಹನ್ನೆರಡು ಡಿಗ್ರಿಯ ರಾತ್ರಿಯಲ್ಲಿ, ಬೆಟ್ಟದ ಗಾಳಿಗೆ ಮೈಯೊಡ್ಡಿ ಕುಳಿತವನಿಗೆ ಈ ಎರಡು ಡಿಗ್ರಿಯನ್ನು ಕಳೆದುಕೊಳ್ಳುವುದಕ್ಕೆ ಹಿಮದ ಸಹಾಯ ಬೇಕಾಗಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲ. ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಷ್ಟೆ. ನಾನು ಆಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯ. ಹುಡುಗರಿಗೆ ಆಕಾಶ ತೋರಿಸಬೇಕೆಂದು ಒಂದು ಜನವರಿಯ ಅಮಾವಾಸ್ಯೆಯ ಹಿಂದುಮುಂದಿನ ರಾತ್ರಿ ಹನ್ನೊಂದು ಮಂದಿಯನ್ನು ಕರೆದುಕೊಂಡು ಕಳವಾರದ ಬೆಟ್ಟವನ್ನು ಹತ್ತಿದೆವು. ಈಗ ಅದನ್ನು ಎಲ್ಲರೂ ಸ್ಕಂದಗಿರಿಯೆನ್ನುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹತ್ತುವಂತಿಲ್ಲ. ಆಗ ಕೇಳುವವರಿರಲಿಲ್ಲ. ಕಳವಾರಹಳ್ಳಿಯ ಹಿರಿಯ ಕುರಿಗಾಹಿಯೊಬ್ಬ ದಾರಿ ತೋರಲು ಜೊತೆಗೆ ಬಂದಿದ್ದ. ಎರಡು ಕಿತ್ತಾನಿನ ಡೇರೆಗಳಿದ್ದುವು, ಬೇಕಾದಷ್ಟು ಹೊದಿಕೆಗಳಿದ್ದುವು. ಹುಡುಗರಲ್ಲಿ ಒಬ್ಬ, ಎಲ್ಲರಿಗಿಂತ ಉತ್ಸಾಹಿ, ಓಡೋಡುತ್ತ ಬೆಟ್ಟ ಹತ್ತಿದ. ಮೇಲೆ ತಲುಪುವ ಹೊತ್ತಿಗೆ ಅಂಗಿ, ಬನಿಯನು ಬೆವರಿನಿಂದ ತೊಯ್ದು ಮೈಗೆ ಅಂಟಿಕೊಂಡಿದ್ದುವು. ಬೆಟ್ಟದ ತುದಿಯ ಹಾಳು ಗುಡಿಯ ಬಳಿ ಬಂಡೆ ಇನ್ನೂ ಬೆಚ್ಚಗಿತ್ತು. ಅವನು ಅದರ ಮೇಲೆ ಅಂಗಾತ ಮಲಗಿ ನಕ್ಷತ್ರ ಎಣಿಸತೊಡಗಿದ. ಕೃತ್ತಿಕೆ, ರೋಹಿಣಿ, ಮಹಾವ್ಯಾಧ ಎಲ್ಲವನ್ನೂ ಗುರುತಿಸಿದ. ನಡುರಾತ್ರಿ ಕಳೆದ ಮೇಲೆ ನಾನು ಅವನನ್ನು ಏನೋ ಕೇಳಿದೆ. ಅವನು ಕೊಟ್ಟ ಉತ್ತರದಲ್ಲಿ ಮಾತುಗಳಿದ್ದುವು, ವಾಕ್ಯವಿರಲಿಲ್ಲ.

ಹತ್ತಿರ ಹೋಗಿ ದೀಪ ಹಿಡಿದೆ. ಅದುವರೆಗೆ ಗಡಗಡ ನಡುಗುತ್ತಿದ್ದನೆಂದು ಪಕ್ಕದ ಹುಡುಗ ಹೇಳಿದ. ಆಗ ನಡುಕ ನಿಂತಿತ್ತು. ನಡುಕ ನಿಂತದ್ದು ಸುಧಾರಣೆಯ ಲಕ್ಷಣವೆಂದು ಹುಡುಗರು ಸಮಾಧಾನಪಟ್ಟರು. ಕುರಿಗಾಹಿ ಮಾತ್ರ ಹೆಗಲ ಮೇಲಿನ ಕಂಬಳಿಯನ್ನು ಆಗಲೇ ಬಿಚ್ಚುತ್ತಿದ್ದ. ಅವನಿಗೆ ದೇಹಶಾಸ್ತ್ರ ತಿಳಿಯದು. ಆದರೆ ಚಳಿಗೆ ಸಿಕ್ಕಿದ ಕುರಿಮರಿ ನಡುಗುತ್ತಿರುವವರೆಗೂ ಬದುಕುತ್ತದೆ, ನಡುಗದೆ ಮುದುಡಿ ಮಲಗಿದರೆ ಮಡಿಲಿಗೆ ಹಾಕಿಕೊಳ್ಳಬೇಕೆಂಬುದು ತಿಳಿದಿತ್ತು. ನಡುಕವೆಂಬುದು ಸ್ನಾಯುಗಳು ತಾವೇ ದುಡಿದು ಶಾಖ ಹುಟ್ಟಿಸುವ ಉಪಾಯ. ಮೈ ಬೆಚ್ಚಗಾಗದೆಯೇ ಅದು ನಿಂತಿತೆಂದರೆ ಆ ಉಪಾಯವೂ ಸೋತಿತೆಂದು ಅರ್ಥ. ತೊದಲು ಮಾತು, ತಡವರಿಸುವ ಕೈ, ಏನೂ ಆಗಿಲ್ಲವೆಂಬ ಹಟ, ಇವು ಅದರ ಜೊತೆಯವು.

ಅವನ ಒದ್ದೆಯ ಬಟ್ಟೆಯನ್ನೆಲ್ಲ ತೆಗೆಸಿದೆವು. ಒಣಗಿದ ಅಂಗಿ ತೊಡಿಸಿದೆವು. ಕುರಿಗಾಹಿ ತನ್ನ ಕಂಬಳಿಯನ್ನು ಹುಡುಗನ ಮೇಲೆ ಹೊದಿಸುವನೆಂದು ನಾನು ಎಣಿಸಿದ್ದೆ. ಅವನು ಅದನ್ನು ಮಡಿಸಿ ನೆಲಕ್ಕೆ ಹಾಸಿದ. ಅದರ ಮೇಲೆ ಹುಡುಗನನ್ನು ಮಲಗಿಸಿ, ಆ ಕಡೆಗೊಬ್ಬ ಈ ಕಡೆಗೊಬ್ಬ ಗಟ್ಟಿಮುಟ್ಟಾದ ಗೆಳೆಯರನ್ನು ಮಲಗಿಸಿ, ಮೂವರ ಮೇಲೂ ಸೇರಿಸಿ ಇದ್ದಬದ್ದ ಹೊದಿಕೆಗಳನ್ನೆಲ್ಲ ಹೊದಿಸಿ, ತಲೆಗೆ ತನ್ನ ರುಮಾಲನ್ನೇ ಬಿಚ್ಚಿ ಸುತ್ತಿದ. “ಮೇಲಿನ ಕಂಬಳಿ ಮಾನಕ್ಕೆ ಸ್ವಾಮಿ, ಕೆಳಗಿನ ಕಂಬಳಿ ಜೀವಕ್ಕೆ” ಎಂದ. ಮುಕ್ಕಾಲು ಗಂಟೆಯ ಮೇಲೆ ಹುಡುಗ ಮತ್ತೆ ನಡುಗತೊಡಗಿದ. ಅಷ್ಟು ಸಂತೋಷದಿಂದ ಯಾರ ನಡುಕವನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೆಲ್ಲದ ಬಿಸಿನೀರು ಕುಡಿಸುವಷ್ಟು ಎಚ್ಚರ ಬಂದ ಮೇಲೆ ಕುಡಿಸಿದೆವು. ಬೆಳಗಾಗುವ ಹೊತ್ತಿಗೆ ಅವನು ಗೆಳೆಯರೊಡನೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದ.

ಆ ಮುದುಕನ ಮಾತಿನ ಹಿಂದೆ ಇರುವ ವಿಜ್ಞಾನವನ್ನು ನಾನು ಆಮೇಲೆ ಎಷ್ಟೋ ತರಗತಿಗಳಿಗೆ ಪಾಠ ಹೇಳಿದ್ದೇನೆ. ಮಲಗಿರುವ ಮನುಷ್ಯ ಒಂದು ಸಣ್ಣ ಒಲೆ. ಹಳೆಯ ಕಾಲದ ವಿದ್ಯುದ್ದೀಪಗಳ ಲೆಕ್ಕದಲ್ಲಿ ಹೇಳುವುದಾದರೆ ಅವನು 60 ವ್ಯಾಟಿನ ಬುರುಡೆಗಿಂತ ಸ್ವಲ್ಪ ಹೆಚ್ಚು, 100 ವ್ಯಾಟಿನದಕ್ಕಿಂತ ಕಡಮೆ. ಈ ಶಾಖ ಎಷ್ಟು ಹೊತ್ತು ಅವನ ಬಳಿಯೇ ಉಳಿಯುತ್ತದೆಂಬುದರ ಮೇಲೆ ನಿದ್ರೆ ನಿಂತಿದೆ. ಕಂಬಳಿ ತಾನಾಗಿ ಯಾವ ಶಾಖವನ್ನೂ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅತ್ತಿತ್ತ ಕದಲಲಾರದು. ಕದಲದ ಗಾಳಿಯ ಮೂಲಕ ಶಾಖ ಬಹಳ ಕಷ್ಟದಿಂದ ಹಾಯುತ್ತದೆ. ನಮ್ಮ ಬೆಟ್ಟಗಳ ಗ್ರಾನೈಟು ಕಲ್ಲಾದರೋ ಅಂಥ ಗಾಳಿಗಿಂತ ಸುಮಾರು ನೂರು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸಬಲ್ಲದು. ಮೈಯ ಕೆಳಗೆ ಹಾಸಿದ ಬಟ್ಟೆ ನಮ್ಮ ಭಾರಕ್ಕೇ ಅಮುಕಿ ಹೋಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಬೆನ್ನಿಗೂ ಬಂಡೆಗೂ ನಡುವೆ ಉಳಿಯುವುದು ಬರಿಯ ಹೆಸರಿನ ಹಾಸಿಗೆ. ಮೇಲೆ ನಾಲ್ಕು ರಗ್ಗು ಹೇರಿಕೊಂಡು ಕೆಳಗೆ ಒಂದು ಜಮಖಾನೆ ಹಾಸಿದವನು, ಬಾಗಿಲಿಗೆ ಬೀಗ ಹಾಕಿ ಹಿತ್ತಲ ಗೋಡೆಯನ್ನು ಕೆಡವಿಟ್ಟ ಗೃಹಸ್ಥನಂತೆ. ಉರಣೆಯ ಒರಟು ಕಂಬಳಿ ಅಮುಕಿದಷ್ಟಕ್ಕೂ ಪುಟಿಯುತ್ತದೆ. ಅದರ ಸ್ಥಾನ ಕೆಳಗೆ. ಈಗ ಪೇಟೆಯಲ್ಲಿ ಸಿಕ್ಕುವ ಹಗುರವಾದ ನೊರೆಚಾಪೆಗಳೂ ಇದೇ ಕೆಲಸವನ್ನು ಮಾಡುತ್ತವೆ. ಏನೂ ಇಲ್ಲದಿದ್ದರೆ ಒಣಹುಲ್ಲು ಸಾಕು. ಶಿವರಾತ್ರಿಯ ಜಾತ್ರೆಗೆಂದು ನಂದಿಗ್ರಾಮಕ್ಕೆ ಬಂದು ಭೋಗನಂದೀಶ್ವರನ ಸನ್ನಿಧಿಯಲ್ಲಿ ಬೀಡುಬಿಡುತ್ತಿದ್ದ ಗಾಡಿಯ ಜನ ಎತ್ತಿಗೆ ತಂದ ಹುಲ್ಲಿನಲ್ಲಿ ಒಂದು ಪಾಲನ್ನು ರಾತ್ರಿ ತಾವು ಹಾಸಿಕೊಂಡು, ಬೆಳಗ್ಗೆ ಎತ್ತಿಗೆ ಹಾಕುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೊರಟುಹೋಗುತ್ತದೆಂಬ ಗಾದೆ ಅವರಿಗೂ ಗೊತ್ತಿತ್ತು. ಆದರೂ ಅವರು ಗಾದೆಯನ್ನು ನಂಬಿ ಹುಲ್ಲನ್ನು ಬಿಟ್ಟವರಲ್ಲ.

ಬಂಡೆಯ ವಿಷಯ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಆ ಹುಡುಗನನ್ನು ವಂಚಿಸಿದ್ದು ಬಂಡೆಯೇ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಸಂಜೆಯ ಹೊತ್ತಿಗೆ ತಾಯಿಯ ಮಡಿಲಿನಂತೆ ಬೆಚ್ಚಗಿರುತ್ತದೆ. ಮಲಗಲು ಇದಕ್ಕಿಂತ ಸುಖವಾದ ಜಾಗವಿಲ್ಲವೆನಿಸುತ್ತದೆ. ರಾತ್ರಿ ಏರಿದಂತೆ ಅದು ಆ ಶಾಖವನ್ನೆಲ್ಲ ಆಕಾಶಕ್ಕೆ ಹಿಂದಿರುಗಿಸುತ್ತದೆ. ಮೂರನೆಯ ಜಾವಕ್ಕೆ ಅದೇ ಬಂಡೆ ಮಲಗಿದವನ ಬೆನ್ನಿನಿಂದ ಶಾಖವನ್ನು ಹೀರುತ್ತಿರುತ್ತದೆ, ಮಲಗಿದವನಿಗೆ ಎಚ್ಚರವಿರುವುದಿಲ್ಲ.

ಆಕಾಶಕ್ಕೆ ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. ಬಯಲಿನಲ್ಲಿರುವ ಪ್ರತಿಯೊಂದು ವಸ್ತುವೂ, ಬಂಡೆಯಾಗಲಿ, ಹುಲ್ಲಾಗಲಿ, ನಮ್ಮ ಮುಖವಾಗಲಿ, ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಮೋಡವಿದ್ದ ರಾತ್ರಿ ಮೋಡವೂ ಅಷ್ಟಿಷ್ಟು ಹಿಂದಕ್ಕೆ ಕೊಡುತ್ತದೆ. ಮೋಡವಿಲ್ಲದ, ಒಣಗಾಳಿಯ, ನಕ್ಷತ್ರಗಳು ಚುಚ್ಚುವಂತೆ ಹೊಳೆಯುವ ರಾತ್ರಿಯಲ್ಲಿ ಹೋದದ್ದು ಹೋಯಿತು. ಆಕಾಶ ನೋಡುವುದಕ್ಕೆ ಅತ್ಯುತ್ತಮವಾದ ರಾತ್ರಿಯೇ ಚಳಿಗೂ ಅತ್ಯುತ್ತಮವಾದ ರಾತ್ರಿ. ಗೌರಿಬಿದನೂರಿನ ಬಳಿ 1976ರಿಂದ ವಿಜ್ಞಾನಿಗಳು ಸಾಲುಸಾಲು ತಂತಿಕಂಬಗಳ ರೇಡಿಯೋ ದೂರದರ್ಶಕವನ್ನು ಹೂಡಿ ಇದೇ ಆಕಾಶದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಆಲಿಸಿದ್ದಾರೆ. ಆ ಕಡೆಗೆ ಹೋದಾಗಲೆಲ್ಲ ನನಗೊಂದು ಕುಚೋದ್ಯದ ಯೋಚನೆ ಬರುತ್ತದೆ: ಆಕಾಶ ನಮಗೆ ಕೊಡುವ ಪುಡಿಗಾಸನ್ನು ಅಷ್ಟು ಶ್ರಮಪಟ್ಟು ಎಣಿಸುತ್ತೇವೆ, ಒಂದೊಂದು ರಾತ್ರಿಯೂ ಅದು ನಮ್ಮಿಂದ ಕೊಂಡೊಯ್ಯುವ ಹೊರೆಯ ಲೆಕ್ಕವನ್ನು ಪಕ್ಕದ ಹೊಲದ ಕಾವಲುಗಾರನೊಬ್ಬನೇ ಬಲ್ಲ. ಅವನು ಮರದ ಕೆಳಗೆ ಮಲಗುತ್ತಾನೆ, ಬಯಲಲ್ಲಿ ಮಲಗುವುದಿಲ್ಲ. ಹುಣಿಸೆಯ ಮರವೊಂದರ ಕೊಂಬೆರೆಂಬೆಗಳು ಅವನಿಗೂ ಆಕಾಶಕ್ಕೂ ನಡುವೆ ಒಂದು ಹೊದಿಕೆ. ಡೇರೆಯ ಬಟ್ಟೆ ಮಾಡುವುದೂ ಹೆಚ್ಚಾಗಿ ಇದನ್ನೇ. ಗಾಳಿಯನ್ನು ತಡೆಯುತ್ತದೆ, ಆಕಾಶವನ್ನು ಮರೆಮಾಡುತ್ತದೆ. ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಡೇರೆಯೆಂದರೆ ಮನೆಯೆಂದು ತಿಳಿದವರೇ ರಾತ್ರಿಯೆಲ್ಲ ಬೈಯುತ್ತ ಕಾಲ ಕಳೆಯುವವರು.

ಜಾಗದ ಆಯ್ಕೆಯಲ್ಲಿ ನಮ್ಮ ಕುರಿಗಾಹಿಗಳ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಬೆಟ್ಟದ ನೆತ್ತಿಯಲ್ಲಿ ಗಾಳಿ, ಕಣಿವೆಯ ತಳದಲ್ಲಿ ಮಂಜು. ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ನಾನು ಮೇಲೆ ಹೇಳಿದ ಮೂರೂವರೆ ಡಿಗ್ರಿಯ ಲೆಕ್ಕ ಗಾಳಿಯಾಡದ ರಾತ್ರಿಗಳಲ್ಲಿ ತಲೆಕೆಳಗಾಗುವುದೂ ಉಂಟು. ಕೆರೆಯಂಗಳದಲ್ಲಿ ಮಲಗಿದವನು ಬೆಟ್ಟದ ಮಗ್ಗುಲಲ್ಲಿ ಮಲಗಿದವನಿಗಿಂತ ಹೆಚ್ಚು ನಡುಗುತ್ತಾನೆ. ನಸುಕಿನಲ್ಲಿ ನಂದಿಯ ಮೇಲೆ ನಿಂತು ಕೆಳಗೆ ಹಾಲಿನ ಕಡಲಿನಂತೆ ಹರಡಿದ ಮಂಜನ್ನು ಕಂಡು ಕವಿತೆ ಬರೆಯುವವರು, ಆ ಕಡಲಿನ ತಳದಲ್ಲಿ ಅವರೆಯ ಹೊಲ ಕಾಯುವವನೊಬ್ಬ ಮೊಣಕಾಲನ್ನು ಗಲ್ಲಕ್ಕೆ ಆನಿಸಿ ಕುಳಿತಿದ್ದಾನೆಂಬುದನ್ನು ನೆನೆಯುವುದು ಅಪರೂಪ. ಮಂಜು ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು ಎನ್ನುತ್ತಾರೆ; ಆ ಸೊಗಡಿಗೆ ಬೆಲೆ ತೆರುವವನು ಅವನು. ಕುರಿಮಂದೆಯವರು ನೆತ್ತಿಯನ್ನೂ ತಳವನ್ನೂ ಬಿಟ್ಟು, ಗಾಳಿಗೆ ಮರೆಯಾದ, ಬೆಳಗಿನ ಬಿಸಿಲು ಮೊದಲು ಬೀಳುವ ಮೂಡಣ ಮಗ್ಗುಲನ್ನು ಹುಡುಕುತ್ತಾರೆ. ರೈತ ತನ್ನ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಂಡಾಗ ಮಾತ್ರ ಅವರಿಗೆ ಆಯ್ಕೆಯಿಲ್ಲ. ಆಗ ಅವರು ಕುರಿಗಳ ನಡುವೆಯೇ ಮಲಗುತ್ತಾರೆ. ನೂರು ಕುರಿಗಳ ಉಸಿರು, ನೂರು ಕುರಿಗಳ ಉಣ್ಣೆ. ವಾಸನೆಯೊಂದನ್ನು ಸಹಿಸಿಕೊಂಡರೆ ಅದಕ್ಕೆ ಸಮನಾದ ಛತ್ರ ಇನ್ನೊಂದಿಲ್ಲ.

ಆ ಕಂಬಳಿಯೂ ಸಾಮಾನ್ಯವಾದುದಲ್ಲ. ಚಿಂತಾಮಣಿಯ ಕಡೆ ತೆಲುಗು ಮಾತು ಹೆಚ್ಚು; ಅಲ್ಲಿ ಅದಕ್ಕೆ ಗೊಂಗಡಿಯೆಂದು ಹೆಸರು. ದಖನಿ ಕುರಿಯ ಕರಿಯ ಒರಟು ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಿಸೆಬೀಜದ ಸರಿ ಹಚ್ಚಿ, ಕುರುಬರು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುತ್ತದೆ. ಮಳೆಯ ಹನಿ ಬಹಳ ಹೊತ್ತು ಒಳಗಿಳಿಯುವುದಿಲ್ಲ. ಕೊಪ್ಪೆಯಾಗಿ ಮಡಿಸಿದರೆ ನಡೆಯುವ ಡೇರೆ, ಬಿಚ್ಚಿದರೆ ಹಾಸಿಗೆ, ಜೋಳಿಗೆ ಕಟ್ಟಿದರೆ ಕುರಿಮರಿಯ ತೊಟ್ಟಿಲು. ಉಣ್ಣೆಗೆ ಇನ್ನೊಂದು ಗುಣವುಂಟು. ತನ್ನ ತೂಕದ ಮೂರರಲ್ಲಿ ಒಂದು ಪಾಲಿನವರೆಗೆ ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಹತ್ತಿಬಟ್ಟೆ ಇದಕ್ಕೆ ತೀರ ವಿರುದ್ಧ. ಬೆವರಿಗೆ ಒದ್ದೆಯಾದ ಹತ್ತಿಯ ಬನಿಯನು ತನ್ನೊಳಗಿನ ಗಾಳಿಯನ್ನೆಲ್ಲ ಕಳೆದುಕೊಂಡು ನೀರಿನ ಪದರವಾಗಿ ಮೈಗೆ ಅಂಟುತ್ತದೆ. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಶಾಖವನ್ನು ಸಾಗಿಸುತ್ತದೆ, ಆರುವಾಗ ಇನ್ನಷ್ಟನ್ನು ಕದಿಯುತ್ತದೆ. ಬೆಟ್ಟ ಹತ್ತುವಾಗ ಬೆವರದಷ್ಟು ನಿಧಾನವಾಗಿ ಹತ್ತಬೇಕು. ಬೆವರಿದರೆ ಮೇಲೆ ತಲುಪಿದ ಕೂಡಲೆ, ಚಳಿಯಾಗುವ ಮೊದಲೇ, ಬಟ್ಟೆ ಬದಲಿಸಬೇಕು. ಚಳಿಗಾಲದ ಬೆಟ್ಟಕ್ಕೆ ಹೋಗುವವನು ಒಂದೇ ಒಂದು ಹೆಚ್ಚಿನ ವಸ್ತುವನ್ನು ಒಯ್ಯಬಹುದಾದರೆ ಅದು ಒಣಗಿದ ಒಳಅಂಗಿಯೆಂದು ಹೇಳಲು ನನಗೆ ಅನುಮಾನವಿಲ್ಲ.

ಇನ್ನು ಬೆಂಕಿ. ಇದರ ವಿಷಯ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಬಯಲಿನ ಬೆಂಕಿ ಮುಖವನ್ನು ಸುಡುತ್ತದೆ, ಬೆನ್ನನ್ನು ಚಳಿಗೆ ಬಿಡುತ್ತದೆ. ಕಾವಲುಗಾರನಿಗೆ ಅದು ಜೊತೆಗಾರ, ಮಲಗುವವನಿಗೆ ಅಷ್ಟೇನೂ ಉಪಯೋಗವಿಲ್ಲ. ಒಣಹುಲ್ಲಿನ ಕುರುಚಲು ಬೆಟ್ಟಗಳಲ್ಲಿ ಒಂದು ಕಿಡಿ ಏನು ಮಾಡಬಲ್ಲದೆಂಬುದನ್ನು ಮಾಗಿಯ ಕೊನೆಯಲ್ಲಿ ಕಪ್ಪಾದ ಇಳಿಜಾರುಗಳೇ ಹೇಳುತ್ತವೆ. ಆದರೆ ನನಗಿರುವ ಭಯ ಬಯಲಿನ ಬೆಂಕಿಯದಲ್ಲ, ಒಳಗಿನ ಕೆಂಡದ್ದು.

ಶಿಡ್ಲಘಟ್ಟದ ಸುತ್ತಿನ ಊರುಗಳಲ್ಲಿ ಬೆಳೆದವರಿಗೆ ಚಳಿಗಾಲದಲ್ಲಿ ಹುಳುಮನೆಯನ್ನು ಬೆಚ್ಚಗಿಡುವ ಪಾಡು ಗೊತ್ತೇ ಇದೆ. ರೇಷ್ಮೆಹುಳುವಿಗೆ ತನ್ನದೆಂಬ ಶಾಖವಿಲ್ಲ. ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿದೆಯೋ ಅಷ್ಟೇ ಅದು. ಚಾಕಿಹುಳುವಿಗೆ 27-28 ಡಿಗ್ರಿ ಬೇಕು, ತೇವವೂ ಬೇಕು; ದೊಡ್ಡದಾದ ಮೇಲೆ 24-25 ಸಾಕು. ಇಳಿದರೆ ಹುಳು ಸೊಪ್ಪು ತಿನ್ನುವುದನ್ನು ಕಡಮೆ ಮಾಡುತ್ತದೆ, ಜ್ವರ ತಡವಾಗುತ್ತದೆ, ಹಣ್ಣಾಗುವುದು ತಡವಾಗುತ್ತದೆ. ಆದ್ದರಿಂದ ಕಿಟಕಿಗಳಿಗೆ ಗೋಣಿ ಬಿಗಿದು, ತಟ್ಟೆಗಳ ಸಾಲಿನ ನಡುವೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಗೋಡೆಯ ಉಷ್ಣಮಾಪಕವನ್ನು ಗಳಿಗೆಗೊಮ್ಮೆ ನೋಡುತ್ತ ಮನೆಯವರು ಎಚ್ಚರವಾಗಿರುತ್ತಿದ್ದರು. ಈಗ ವಿದ್ಯುತ್ತಿನ ಶಾಖೋಪಕರಣಗಳು ಬಂದಿವೆ. ಮಕ್ಕಳಿಗಿಲ್ಲದ ಉಷ್ಣಮಾಪಕ ಹುಳುವಿಗೆ ಉಂಟಲ್ಲ ಎಂದು ನನ್ನ ಅಜ್ಜಿ ನಗುತ್ತಿದ್ದಳು. ಆದರೆ ಒಂದು ಮಾಗಿಯಲ್ಲಿ ನನ್ನ ಸೋದರಮಾವ ಅಗ್ಗಿಷ್ಟಿಕೆಯಿದ್ದ ಆ ಮುಚ್ಚಿದ ಕೋಣೆಯಲ್ಲಿಯೇ ಮಲಗಿಬಿಟ್ಟ. ಬೆಳಗ್ಗೆ ಅತ್ತೆ ಬಾಗಿಲು ತೆಗೆದಾಗ ಅವನಿಗೆ ಏಳಲು ಬರಲಿಲ್ಲ. ತಲೆ ಸಿಡಿಯುತ್ತಿತ್ತು, ಅಂಗಳಕ್ಕೆ ಎಳೆದುಕೊಂಡು ಬಂದ ಮೇಲೆ ವಾಂತಿಯಾಯಿತು. ಗಾಳಿ ಸೋಕಿ ಬದುಕಿದ. ದೃಷ್ಟಿಯಾಯಿತೆಂದು ಮೆಣಸಿನಕಾಯಿ ಸುಟ್ಟರು.

ದೃಷ್ಟಿಯಲ್ಲ, ಕಾರ್ಬನ್ ಮಾನಾಕ್ಸೈಡು. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವಷ್ಟು ಸೌಜನ್ಯವೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಇದು ಅಂಟಿಕೊಳ್ಳುತ್ತದೆ. ಹೊಗೆಯಿಲ್ಲದ, ಕೆಂಪಗೆ ಕನಿದ ಕೆಂಡವೇ ಒಳಗೆ ಇಡಲು ನಿರಪಾಯವೆಂದು ಜನ ತಿಳಿಯುತ್ತಾರೆ. ಹೊಗೆಯಾದರೂ ಎಬ್ಬಿಸುತ್ತದೆ; ಕೆಂಡ ಮಲಗಿಸುತ್ತದೆ. ಮಲಗುವ ಡೇರೆಯೊಳಗೆ ಕೆಂಡದ ಬಾಣಲೆಯನ್ನಾಗಲಿ ಉರಿಯುವ ಸ್ಟೌವನ್ನಾಗಲಿ ಇಟ್ಟುಕೊಳ್ಳಬಾರದೆಂದು ನಾನು ಎಲ್ಲಿ ಮಾತನಾಡಿದರೂ ಹೇಳುತ್ತೇನೆ. ಕೇಳುವವರು ಬೇಸರಪಟ್ಟುಕೊಂಡರೂ ಹೇಳುತ್ತೇನೆ. ಬೆಂಕಿಯ ಬಿಸಿ ಬೇಕಾದವರು ಅದನ್ನು ಹೊರಗೆ ಉರಿಸಿ, ನೀರು ಕಾಯಿಸಿ, ಬಿಗಿಯಾದ ಮುಚ್ಚಳದ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಹೊಟ್ಟೆಯ ಬಳಿ ಇಟ್ಟುಕೊಳ್ಳಲಿ. ನಡುರಾತ್ರಿಯವರೆಗೆ ಅದು ನಿಯತ್ತಿನಿಂದ ದುಡಿಯುತ್ತದೆ, ಬೆಳಗ್ಗೆ ಕುಡಿಯಲೂ ಆಗುತ್ತದೆ. ಹೆಂಡ ಬ್ರಾಂದಿಗಳ ವಿಷಯವೂ ಇಷ್ಟೆ. ಅವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ತಂದು ಚೆಲ್ಲುತ್ತವೆ. ಬೆಚ್ಚಗಾಯಿತೆಂದು ಅನಿಸುವ ಗಳಿಗೆಯೇ ಶಾಖ ಹೋಗುತ್ತಿರುವ ಗಳಿಗೆ.

ಹುಳುವಿನ ಮಾತು ಬಂದದ್ದರಿಂದ ಒಂದು ಅಡ್ಡಮಾತು. ನಾವು ಇಷ್ಟೆಲ್ಲ ಒದ್ದಾಡಿ ಬೆಚ್ಚಗಿಟ್ಟ ಹುಳು ಕೊನೆಗೆ ಚಂದ್ರಿಕೆಯ ಮೇಲೆ ಹತ್ತಿ, ಆರುನೂರು ಮೀಟರಿಗೂ ಮೀರಿದ ಒಂದೇ ಎಳೆಯಿಂದ ತನಗೆ ತಾನೇ ಒಂದು ಡೇರೆಯನ್ನು ಕಟ್ಟಿಕೊಳ್ಳುತ್ತದೆ. ಪದರಪದರವಾಗಿ, ನಡುವೆ ಗಾಳಿ ಬಿಟ್ಟು, ಉಸಿರಾಡುವಷ್ಟು ರಂಧ್ರವಿಟ್ಟು, ಹೊರಗಿನ ಬಿಸಿಯೂ ಚಳಿಯೂ ಥಟ್ಟನೆ ಒಳನುಗ್ಗದಂತೆ ಕಟ್ಟಿದ ಮನೆ. ಬೆಟ್ಟ ಹತ್ತುವವರ ನಿದ್ರೆಚೀಲಗಳಿಗೆ ಒಳಪದರವಾಗಿ ಇಂದಿಗೂ ರೇಷ್ಮೆಯನ್ನು ಬಳಸುತ್ತಾರೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದು, ಮೈಗೆ ಹತ್ತಿದ ಕೂಡಲೆ ಬೆಚ್ಚಗಾಗುವಂಥದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರಾಶಿರಾಶಿಯಾಗಿ ಬಿದ್ದಿರುವ ಬಿಳಿಯ ಹಳದಿಯ ಗೂಡುಗಳನ್ನು ಕಂಡಾಗ, ಇವೆಲ್ಲ ಒಬ್ಬೊಬ್ಬರಿಗಾಗಿ ಕಟ್ಟಿದ ಸಣ್ಣ ಸಣ್ಣ ಡೇರೆಗಳು, ಒಳಗಿನವರನ್ನು ನಾವು ಬಿಸಿನೀರಿಗೆ ಹಾಕುತ್ತೇವೆ ಎಂಬ ನೆನಪಾಗಿ ಮನಸ್ಸು ಮುದುಡುವುದೂ ಉಂಟು.

ಹೊರಲೋಕದ ದೊಡ್ಡ ಸಾಹಸಗಳಲ್ಲಿಯೂ ಈ ಸಣ್ಣ ಸಂಗತಿಗಳೇ ಪ್ರಾಣವನ್ನು ಹಿಡಿದಿಟ್ಟಿವೆ. 1952ರ ಮೇ 27ರ ರಾತ್ರಿ ಸ್ವಿಸ್ ದಂಡಯಾತ್ರೆಯ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್ಸಿಂಗ್ ನೋರ್ಗೆ ಎವರೆಸ್ಟಿನ ಮಗ್ಗುಲಲ್ಲಿ ಸುಮಾರು 8400 ಮೀಟರು ಎತ್ತರದಲ್ಲಿ ಒಂದು ಸಣ್ಣ ಡೇರೆಯಲ್ಲಿ ಉಳಿದುಕೊಂಡರು. ನಿದ್ರೆಚೀಲವಿರಲಿಲ್ಲ, ಒಲೆಯಿರಲಿಲ್ಲ. ಮೇಣದ ಬತ್ತಿಯ ಉರಿಯಲ್ಲಿ ಹಿಮದ ಚೂರನ್ನು ಕರಗಿಸಿ ಗುಟುಕು ನೀರು ಮಾಡಿಕೊಂಡರು. ನಿದ್ರೆ ಹತ್ತದಂತೆ, ರಕ್ತ ನಿಲ್ಲದಂತೆ, ರಾತ್ರಿಯೆಲ್ಲ ಒಬ್ಬರನ್ನೊಬ್ಬರು ತಟ್ಟುತ್ತ ಉಜ್ಜುತ್ತ ಕಳೆದರು. ಒಬ್ಬನಿಗೆ ಇನ್ನೊಬ್ಬನ ಭಾಷೆ ಹೆಚ್ಚಾಗಿ ಬಾರದು. ಮರುವರ್ಷ ಮೇ 28ರ ರಾತ್ರಿ ತೇನ್ಸಿಂಗ್ ಮತ್ತೆ ಅದೇ ಬೆಟ್ಟದಲ್ಲಿ ಹಿಲರಿಯೊಡನೆ ತಂಗಿದಾಗ ಪಾದರಕ್ಷೆಯನ್ನು ಕಳಚದೆ ಮಲಗಿದ. ಹಿಲರಿ ಕಳಚಿಟ್ಟಿದ್ದ, ಬೆಳಗ್ಗೆ ಅವು ಕಲ್ಲಿನಂತೆ ಸೆಟೆದುಕೊಂಡಿದ್ದುವು, ಸ್ಟೌವಿನ ಮೇಲೆ ಹಿಡಿದು ಮೆತ್ತಗೆ ಮಾಡಿಕೊಳ್ಳುವುದರಲ್ಲಿ ಬಹಳ ಹೊತ್ತು ಹೋಯಿತು. ಜಗತ್ತಿನ ಅತ್ಯುನ್ನತ ಶಿಖರದ ದಾರಿಯಲ್ಲಿ ಒಂದು ಜೊತೆ ಜೋಡು ಕಾಯಿಸಿತು ಎಂಬುದು ನನಗೆ ಆ ಕಥೆಯ ಅತ್ಯಂತ ಪ್ರಿಯವಾದ ಭಾಗ. ನಂದಿಯಲ್ಲಿ ಜೋಡು ಹೆಪ್ಪುಗಟ್ಟುವುದಿಲ್ಲ. ಆದರೆ ಬೆಳಗ್ಗೆ ತೊಡಬೇಕಾದ ಕಾಲುಚೀಲವನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಲಗಿದವನ ಸುಖ ಎಲ್ಲಿಯಾದರೂ ಒಂದೇ.

ಊಟದ ವಿಷಯ ಎರಡು ಮಾತು ಸಾಕು. ಹಸಿದು ಮಲಗಿದವನ ಒಲೆಗೆ ಸೌದೆಯಿಲ್ಲ. ಕುರಿಗಾಹಿಯ ಬುತ್ತಿಯಲ್ಲಿ ರಾಗಿಮುದ್ದೆ, ಹುರುಳಿಯ ಸಾರು. ಮಲಗುವ ಮುನ್ನ ಬಾಯಿಗೆ ಹಾಕಿಕೊಳ್ಳಲು ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಉಂಡೆ ಬೆಲ್ಲ. ಬೆಲ್ಲ ಬೇಗ ಉರಿಯುತ್ತದೆ, ಕಡಲೆಕಾಯಿಯ ಎಣ್ಣೆ ನಿಧಾನವಾಗಿ ಬೆಳಗಿನ ಜಾವದವರೆಗೂ ಉರಿಯುತ್ತದೆ. ಹಾಗೆಯೇ ಚಳಿಗೆ ಹೆದರಿ ನೀರು ಕುಡಿಯದಿರುವುದೂ, ಹೊದಿಕೆ ಬಿಟ್ಟೇಳಲು ಹೆದರಿ ಮೂತ್ರವನ್ನು ತಡೆದುಕೊಂಡು ಮಗ್ಗುಲು ಬದಲಿಸುತ್ತಿರುವುದೂ ನಿದ್ರೆಗೆ ಮಾತ್ರ ಕೇಡು; ಎದ್ದು ಬಂದವನೇ ಆಮೇಲೆ ಸುಖವಾಗಿ ನಿದ್ರಿಸುವವನು.

ಡೇರೆಯ ಬಾಗಿಲನ್ನು ಪೂರ್ತಿ ಬಿಗಿಯುವವರಿಗೂ ಒಂದು ಸೂಚನೆ ಉಂಟು. ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ ಬಟ್ಟೆಯ ಒಳಮೈಗೆ ಹನಿಯಾಗಿ ಕೂತು, ಗಾಳಿ ಅಲುಗಿದಾಗ ಮಳೆಯಾಗಿ ಮುಖದ ಮೇಲೆಯೇ ಸುರಿಯುತ್ತದೆ. ಮೇಲುಗಡೆ ಒಂದು ಅಂಗುಲ ತೆರೆದಿರಬೇಕು. ಹೊದಿಕೆಯೊಳಗೆ ಮುಖ ಹುದುಗಿಸಿ ಉಸಿರಾಡುವುದೂ ಹೀಗೆಯೇ ಹೊದಿಕೆಯನ್ನು ತೇವಗೊಳಿಸುತ್ತದೆ. ತಲೆಗೆ ಕುಲಾವಿ, ಮೂಗು ಹೊರಗೆ. ನಮ್ಮ ಅಜ್ಜಂದಿರು ಮಲಗುತ್ತಿದ್ದುದೂ ಹಾಗೆಯೆ.

ಈಚೆಗೆ ಒಂದು ಕಂಬಳಿ ಬೇಕೆಂದು ಚಿಂತಾಮಣಿಯ ಸಂತೆಯನ್ನೆಲ್ಲ ಸುತ್ತಿದೆ. ನೂಲಿನಂತೆ ಕಾಣುವ, ಉಣ್ಣೆಯೆಂದು ಹೇಳುವ, ಮುಟ್ಟಿದರೆ ಕೈಗೆ ಚಿಟಪಟ ಕಿಡಿ ಹತ್ತಿಸುವ ಬಣ್ಣಬಣ್ಣದ ಹೊದಿಕೆಗಳು ಬೇಕಾದಷ್ಟಿದ್ದುವು. ಕೈನೂಲಿನ ಕರಿಯ ಕಂಬಳಿ ಒಂದೂ ಸಿಕ್ಕಲಿಲ್ಲ. ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಯಿಂದ ಹುಟ್ಟುವುದಿಲ್ಲವೆಂದು ಒಬ್ಬ ಕುರಿಯವನು ಹೇಳಿದ. ಮಾಂಸಕ್ಕಾಗಿ ಸಾಕುವ ಕುರಿಗಳಲ್ಲಿ ಉಣ್ಣೆಯೂ ಅಷ್ಟಕ್ಕಷ್ಟೆ. ಕೊನೆಗೆ ಒಂದು ಹಳ್ಳಿಯಲ್ಲಿ, ಮಗ್ಗವನ್ನು ಅಟ್ಟಕ್ಕೆ ಹಾಕಿದ ಮನೆಯೊಂದರಲ್ಲಿ, ಮದುವೆಯ ಗದ್ದುಗೆಗೆಂದು ಇಟ್ಟುಕೊಂಡಿದ್ದ ಎರಡರಲ್ಲಿ ಒಂದನ್ನು ಕೊಟ್ಟರು. ಮನೆಯ ಮುದುಕಿ ಅದನ್ನು ಕೈಗೆ ಕೊಡುವಾಗ, ಬೆಳಗ್ಗೆ ಎದ್ದ ತಕ್ಷಣ ಮಡಿಸಬೇಡ, ರಾತ್ರಿಯ ತೇವ ಒಳಗೇ ಉಳಿದು ನುಸಿ ಹಿಡಿಯುತ್ತದೆ, ಬಿಸಿಲು ಒಂದಾಳೆತ್ತರ ಏರುವವರೆಗೂ ಬಂಡೆಯ ಮೇಲೆ ಹರಡಿರು, ಒಂದು ಮಗ್ಗುಲು ಗರಿಗರಿಯಾದ ಮೇಲೆ ತಿರುವಿ ಹಾಕು ಎಂದು ಎರಡು ಸಲ ಹೇಳಿದಳು.